ಹೆಸರಿಲ್ಲದ ಅರವತ್ತೆರಡು ಹಾಳೆಗಳು

ಅವತ್ತು ತರಗತಿಯಲ್ಲಿ ನಾನು ಕೊಟ್ಟ ಮಾತು ಇಷ್ಟೇ: “ಹೆಸರು ಬರೆಯಬೇಡಿ, ರೋಲ್ ನಂಬರ್ ಬರೆಯಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಗುರುತು ಹಾಕಿ. ಈ ಹಾಳೆಯಿಂದ ಯಾರಿಗೂ ಏನೂ ತೊಂದರೆ ಆಗೋದಿಲ್ಲ.” ಅರವತ್ತೆರಡು ಮಕ್ಕಳು ನನ್ನ ಮಾತು ನಂಬಿದರು. ನಾನೂ ನಂಬಿದ್ದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಕೊಟ್ಟೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಒಂದು ಪದವಿಪೂರ್ವ ಕಾಲೇಜಿಗೆ ರಸಾಯನಶಾಸ್ತ್ರ ಕಲಿಸಲು ಹೋಗುತ್ತಿದ್ದೆ. ಕಾಲೇಜಿನ ಹೆಸರು ಬೇಡ. ಮಕ್ಕಳೆಲ್ಲ ಸುತ್ತಲ ಹಳ್ಳಿಗಳವರು, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದವರು. ಇಲ್ಲಿ ಕಾಲಿಟ್ಟ ದಿನದಿಂದ ಪುಸ್ತಕವೆಲ್ಲ ಇಂಗ್ಲಿಷು. ಮೊದಲ ಕಿರುಪರೀಕ್ಷೆಯಲ್ಲಿ ಮೋಲ್ ಎಂದರೇನು ಎಂದು ಕೇಳಿದರೆ ಐವತ್ತು ಮಂದಿ ಒಂದಕ್ಷರ ಆಚೀಚೆ ಆಗದಂತೆ ಪುಸ್ತಕದ್ದನ್ನೇ ಇಳಿಸಿದ್ದರು. ಖುಷಿಯಾಗಿ ಮರುದಿನ ಪ್ರಯೋಗಾಲಯದಲ್ಲಿ ಸುಮ್ಮನೆ ಕೇಳಿದೆ: ನೂರು ಗ್ರಾಂ ನೀರಿಗೆ ಹತ್ತು ಗ್ರಾಂ ಸಕ್ಕರೆ ಹಾಕಿ ಕಲಕಿದರೆ ತೂಕ ಎಷ್ಟು? “ನೂರ ರೀ ಮೇಡಂ. ಸಕ್ಕರಿ ಕರಗಿ ಹೋತಲ್ರಿ!” ಕೈ ಎತ್ತಿದವರಲ್ಲಿ ಹೆಚ್ಚಿನವರ ಉತ್ತರ ಅದೇ. ಅದೂ ಎಷ್ಟು ಧೈರ್ಯದಿಂದ! ನನಗೆ ನಗು ಬಂತು, ಆಮೇಲೆ ಭಯವಾಯಿತು.

ಹಾಗಾಗಿ ಎರಡು ವಿಷಯ ತಿಳಿಯಬೇಕೆನಿಸಿತು. ಮಕ್ಕಳಿಗೆ ನಿಜವಾಗಿ ಅರ್ಥವಾಗಿರುವುದು ಎಷ್ಟು, ಮತ್ತು ತಮಗೆ ಅರ್ಥವಾಗಿದೆ ಎಂದು ಅವರು ನಂಬಿರುವುದು ಎಷ್ಟು. ಇವೆರಡೂ ಒಂದೇ ಅಲ್ಲ. ತಪ್ಪು ತಿಳಿದು ಗಟ್ಟಿಯಾಗಿ ನಂಬಿದವರಿಗೆ ಕಲಿಸುವ ರೀತಿ ಬೇರೆ, ಸರಿಯಾಗಿ ತಿಳಿದೂ ಹೆದರುವವರಿಗೆ ಕಲಿಸುವ ರೀತಿ ಬೇರೆ. ಬಾಯಿಪಾಠ ನಡೆಯುವ ಪರೀಕ್ಷೆಯ ಅಂಕಪಟ್ಟಿಯಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆ.

ಕನ್ನಡದಲ್ಲಿ ಹತ್ತು ಪ್ರಶ್ನೆ ಬರೆದೆ. ಬಾಯಿಪಾಠದಿಂದ ಉತ್ತರ ಸಿಗಬಾರದು ಎನ್ನುವುದೊಂದೇ ನಿಯಮ. ಕುದಿಯುವ ನೀರಿನ ಗುಳ್ಳೆಯೊಳಗೆ ಏನಿರುತ್ತದೆ? ಕಬ್ಬಿಣದ ಮೊಳೆ ತುಕ್ಕು ಹಿಡಿದರೆ ತೂಕ ಹೆಚ್ಚುತ್ತದೋ ಇಳಿಯುತ್ತದೋ? ಮೇಣದಬತ್ತಿ ಉರಿದು ಮುಗಿದ ಮೇಲೆ ಮೇಣ ಎಲ್ಲಿ ಹೋಯಿತು? ಪ್ರತಿ ಉತ್ತರದ ಕೆಳಗೆ ಕಾರಣ ಬರೆಯಲು ಎರಡು ಗೆರೆ ಜಾಗ. ಅದರ ಕೆಳಗೆ, ‘ಈ ಉತ್ತರದ ಮೇಲೆ ನಿನಗೆ ಎಷ್ಟು ಭರವಸೆ?’ ಎಂದು ಒಂದರಿಂದ ಐದರವರೆಗೆ ಅಂಕಿ ಇಟ್ಟಿದ್ದೆ.

ಅದನ್ನು ಮೊದಲು ತೋರಿಸಿದ್ದು ಭೌತಶಾಸ್ತ್ರದ ಮೇಷ್ಟರಿಗೆ. ನನಗಿಂತ ಹದಿನೈದು ವರ್ಷ ಹಿರಿಯರು, ಹುಟ್ಟಿದ್ದು ಬೆಳೆದದ್ದು ಎಲ್ಲ ಆ ಊರಿನಲ್ಲೇ. ಚಿತ್ರದುರ್ಗದ ಕಡೆಯಿಂದ ಒಬ್ಬಳೇ ಬಂದಿಳಿದ ನನಗೆ ಮೊದಲ ತಿಂಗಳು ಮಧ್ಯಾಹ್ನದ ರೊಟ್ಟಿ ಅವರ ಮನೆಯದೇ. ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದರು. ಹಾಳೆ ನೋಡಿ ನಕ್ಕರು. “ಅಂಕಿ ಇಟ್ರ ನಮ್ ಹುಡುಗ್ರು ಅದೂ ಮಾರ್ಕ್ಸು ಅಂತ ತಿಳ್ಕಂತಾರ ತಂಗಿ. ಮಾತಿನ್ಯಾಗ ಕೇಳು.” ಹಾಗೆ ಅಂಕಿ ಹೋಗಿ ನಾಲ್ಕು ಚೌಕ ಬಂದವು: ಪಕ್ಕಾ, ಹೌದನಿಸ್ತೈತಿ, ಅಂದಾಜು, ಗೊತ್ತಿಲ್ಲ. ಆ ನಾಲ್ಕೂ ಪದ ಅವರವು. ನಾನು ಸ್ಟೆನ್ಸಿಲ್ ಕೊರೆದೆ, ಅವರು ಸೈಕ್ಲೋಸ್ಟೈಲ್ ಯಂತ್ರ ತಿರುಗಿಸಿದರು, ಇಬ್ಬರ ಕೈಯೂ ಮೊಣಕೈವರೆಗೆ ಮಸಿ. ಅಷ್ಟು ಸಂತೋಷದಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಪರೀಕ್ಷೆಯ ದಿನ ಹಾಳೆ ಹಂಚಿದ ತಕ್ಷಣ ಅರವತ್ತೆರಡು ತಲೆ ಒಟ್ಟಿಗೆ ಬಗ್ಗಿದವು. ಈ ಸೀಮೆಯ ಮಕ್ಕಳು ಮೊದಲ ಪ್ರಶ್ನೆ ಓದುವುದಕ್ಕೂ ಮುಂಚೆ ಹಾಳೆಯ ನೆತ್ತಿಯ ಮೇಲೆ ಮನೆದೇವರ ಹೆಸರು ಬರೆದು ‘ಪ್ರಸನ್ನ’ ಎಂದು ಸೇರಿಸುತ್ತಾರೆ. ಎಂಥ ಸಣ್ಣ ಪರೀಕ್ಷೆಯಾದರೂ ಅದು ತಪ್ಪುವುದಿಲ್ಲ. ಅವತ್ತೂ ಬರೆದರು. ನಾನು ಬೆಂಚುಗಳ ನಡುವೆ ಓಡಾಡುತ್ತಾ ನೋಡಿದೆ, ಮುದ್ದೆನಿಸಿತು. ಹೆಸರು ಬೇಡ ಎಂದವಳಿಗೆ ಇದೂ ಬೇಡ ಎನ್ನಬೇಕೆಂದು ಹೊಳೆಯಲೇ ಇಲ್ಲ. ಹೊರಗಿನಿಂದ ಬಂದವಳು, ನನಗೆ ಎಲ್ಲ ದೇವರೂ ಒಂದೇ.

ಹಾಳೆ ಓದುತ್ತಾ ಹೋದಂತೆ ಎದ್ದು ಓಡಾಡುವಂತಾಯಿತು. ಗುಳ್ಳೆಯೊಳಗೆ ಗಾಳಿ ಇದೆ ಎಂದವರು, ಹೈಡ್ರೋಜನ್ನು ಆಕ್ಸಿಜನ್ನು ಬೇರೆಬೇರೆಯಾಗಿ ಇವೆ ಎಂದವರು ತರಗತಿಯ ಮುಕ್ಕಾಲು ಪಾಲು. ಅವರಲ್ಲಿ ಹೆಚ್ಚಿನವರ ಗುರುತು ‘ಪಕ್ಕಾ’. ಅದು ನೀರಿನ ಆವಿ ಅಷ್ಟೆ ಎಂದು ಬರೆದ ಕೆಲವರು ಮಾತ್ರ ‘ಅಂದಾಜು’ ಎಂದಿದ್ದರು. ಒಂದು ಹಾಳೆಯಂತೂ ನನ್ನ ಕೈಯಲ್ಲೇ ಉಳಿಯಿತು. ಹತ್ತರಲ್ಲಿ ಎಂಟು ಸರಿ, ಒಂದಕ್ಕೂ ‘ಪಕ್ಕಾ’ ಇಲ್ಲ. ಮೊಳೆಯ ಪ್ರಶ್ನೆಗೆ ಹೀಗಿತ್ತು: ‘ತೂಕ ಜಾಸ್ತಿ ಆಗಬೇಕು, ಯಾಕೆಂದರೆ ಗಾಳಿಯಿಂದ ಏನೋ ಬಂದು ಕೂತಿರುತ್ತದೆ. ಆದರೆ ತುಕ್ಕು ಉದುರಿ ಬೀಳುತ್ತದೆ. ಬಿದ್ದದ್ದನ್ನೂ ಹಿಡಿದು ತೂಗಬೇಕು.’ ಇಷ್ಟು ಬರೆದು, ಕೆಳಗೆ ‘ಗೊತ್ತಿಲ್ಲ’ ಎಂಬ ಚೌಕದಲ್ಲಿ ಗುರುತು! ಹಾಳೆಯ ನೆತ್ತಿಯ ಮೇಲೆ ‘ಶ್ರೀ ಬೀರಲಿಂಗೇಶ್ವರ ಪ್ರಸನ್ನ’ ಎಂದಿತ್ತು. ಯಾರದೆಂದು ನನಗೆ ತಿಳಿಯಲಿಲ್ಲ. ತಿಳಿಯುವ ಆಸೆಯಾದರೂ ತಡೆದುಕೊಂಡೆ.

ಗ್ರಾಫ್ ಪುಸ್ತಕದಲ್ಲಿ ಪಟ್ಟಿ ಹಾಕಲು ಶುರುಮಾಡಿದೆ. ಉದ್ದಕ್ಕೆ ಉತ್ತರ, ಅಡ್ಡಕ್ಕೆ ಭರವಸೆ. ಅರ್ಧ ಮುಗಿಯುವಷ್ಟರಲ್ಲಿ ಪೂರಕ ಪರೀಕ್ಷೆಯ ಜಾಗೃತ ದಳದ ಕೆಲಸಕ್ಕೆ ಹಡಗಲಿಗೆ ಹೋಗಬೇಕೆಂದು ಆದೇಶ ಬಂತು. ಒಂಬತ್ತು ದಿನ. ಕಟ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಹೋಗಬಹುದಿತ್ತು. ಹಾಗೆ ಮಾಡಲಿಲ್ಲ. ಬಂದ ಕೂಡಲೇ ಪಾಠ ಶುರುಮಾಡುವ ಆತುರಕ್ಕೆ, ಪಟ್ಟಿ ಮುಗಿಸಿಡಿ ಎಂದು ಭೌತಶಾಸ್ತ್ರದ ಮೇಷ್ಟರ ಕೈಗೆ ಕೊಟ್ಟೆ. “ಯಾರಿಗೂ ತೋರಿಸಬೇಡಿ ಸರ್” ಎಂದೆ. “ಅದನ್ನ ನನಗ ಹೇಳಬೇಕಾ ತಂಗಿ?” ಎಂದರು. ನನ್ನ ಮಾತನ್ನು ಮೊದಲು ಮುರಿದವಳು ನಾನೇ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಹಡಗಲಿಯಿಂದ ಬಂದ ಸೋಮವಾರ, ಸೂಚನಾ ಫಲಕದ ಮುಂದೆ ಗುಂಪು ಕಟ್ಟಿತ್ತು. ನನ್ನನ್ನು ಕಂಡು ಕರಗಿತು. ಫಲಕದ ಮೇಲೆ ಹನ್ನೊಂದು ಹೆಸರು. ಇವರು ವಿಜ್ಞಾನ ವಿಭಾಗಕ್ಕೆ ಯೋಗ್ಯರಲ್ಲವೆಂದು ಕಂಡುಬಂದಿರುವುದರಿಂದ ಪೋಷಕರೊಂದಿಗೆ ಬಂದು ಕಲಾ ವಿಭಾಗಕ್ಕೆ ಬದಲಾಯಿಸಿಕೊಳ್ಳತಕ್ಕದ್ದು. ಆಧಾರ: ರಸಾಯನಶಾಸ್ತ್ರ ವಿಭಾಗ ನಡೆಸಿದ ಪರೀಕ್ಷೆ. ಕೆಳಗೆ ಪ್ರಿನ್ಸಿಪಾಲರ ಸಹಿ. ಎರಡು ಸಲ ಓದಿದೆ. ತರಗತಿಗೆ ಹೋದೆ, ಎಲ್ಲರೂ ಎದ್ದು ನಿಂತರು, ಒಬ್ಬರೂ ನನ್ನ ಮುಖ ನೋಡಲಿಲ್ಲ.

ಭೌತಶಾಸ್ತ್ರದ ಮೇಷ್ಟರು ತಮ್ಮ ಪ್ರಯೋಗಾಲಯದಲ್ಲಿ ಮಸೂರಗಳನ್ನು ಒರೆಸುತ್ತಾ ಕೂತಿದ್ದರು. ಏನೂ ಆಗದವರ ಹಾಗೆ, “ಬಾ ತಂಗಿ, ಯಾವಾಗ ಬಂದಿ?” ಎಂದರು.

“ಆ ಹೆಸರುಗಳನ್ನು ಯಾರು ಕೊಟ್ಟದ್ದು?”

“ಪ್ರಿನ್ಸಿಪಾಲರು ಕೇಳಿದ್ರು, ಕೊಟ್ಟೆ. ಹೋದ ವರ್ಷ ಫಿಸಿಕ್ಸ್ ರಿಸಲ್ಟ್ ಬಿತ್ತಂತ ನನಗ ನೋಟೀಸು ಕೊಟ್ಟಿದ್ದು ನಿನಗ ಗೊತ್ತಿಲ್ಲೇನು? ಈಗ್ಲೇ ಕಳೆ ಕಿತ್ರ ಮುಂದಿನ ವರ್ಷ ಎಲ್ರಿಗೂ ಚಲೋ. ನಿನಗೂ.”

“ಹೆಸರೇ ಇರಲಿಲ್ಲವಲ್ಲ ಅದರಲ್ಲಿ?”

ಅವರ ಮುಖದಲ್ಲಿ ಒಂದು ನಗು ಬಂತು. ಕಷ್ಟದ ಲೆಕ್ಕ ಬಿಡಿಸಿದವರ ನಗು. “ತಲಿ ಮ್ಯಾಲೆ ಬರದಾರಲ್ಲ! ಉಚ್ಚಂಗಿ ಎಲ್ಲಮ್ಮ ಅಂದ್ರ ಹರಪನಹಳ್ಳಿ ಕಡಿಯಾಕಿ, ಒಬ್ಬಾಕೇ ಅದಾಳ. ಮೈಲಾರಲಿಂಗ ಅಂದ್ರ ಹಡಗಲಿ ಬಸ್ಸಿಗೆ ಬರೋ ಇಬ್ರು. ಬೀರಲಿಂಗೇಶ್ವರ ಅಂದ್ರ ಉಜ್ಜಿನಿ ಆಚೀ ಹಟ್ಟಿ ಕುರಿಯೋರ ಹುಡುಗಿ. ಈ ಊರಾಗ ಹುಟ್ಟಿದೋನಿಗೆ ಇಷ್ಟೂ ತಿಳೀದಿದ್ರ ಹೆಂಗ?”

ಅವರ ಮೇಜಿನ ಮೇಲಿದ್ದ ಹಾಳೆಗಳನ್ನು ಎಳೆದುಕೊಂಡು ಅಲ್ಲೇ ತಿರುವಿದೆ. ಅವರು ಉತ್ತರವನ್ನೂ ಓದಿರಲಿಲ್ಲ, ಕಾರಣವನ್ನೂ ಓದಿರಲಿಲ್ಲ. ಅಂಕಿ ಬೇಡ ಎಂದವರೇ ನಾಲ್ಕು ಚೌಕಗಳಿಗೆ ಅಂಕಿ ಕೊಟ್ಟು, ಕೂಡಿಸಿ ಅಂಚಿನಲ್ಲಿ ಬರೆದು, ಕಡಿಮೆ ಬಂದವರನ್ನು ತೆಗೆದಿದ್ದರು. ಅದರಲ್ಲೂ ಇನ್ನೊಂದು ಸೋಜಿಗ: ಅಷ್ಟೇ ಕಡಿಮೆ ಬಂದ ಏಳೆಂಟು ಹಾಳೆ ಪಟ್ಟಿಯಿಂದ ತಪ್ಪಿಸಿಕೊಂಡಿದ್ದವು. ಅವುಗಳ ಮೇಲೆ ‘ಕೊಟ್ಟೂರೇಶ್ವರ ಪ್ರಸನ್ನ’ ಎಂದಿತ್ತು. ಅರ್ಧ ತರಗತಿ ಹಾಗೇ ಬರೆದದ್ದರಿಂದ ಯಾರದೆಂದು ಹಿಡಿಯಲು ಅವರಿಗೂ ಆಗಿರಲಿಲ್ಲ. ಒಂಟಿ ದೇವರ ಮಕ್ಕಳು ಮಾತ್ರ ಸಿಕ್ಕಿಬಿದ್ದಿದ್ದರು.

“ಇನ್ನು ಮೇಲೆ ನನ್ನನ್ನು ತಂಗಿ ಅನ್ನಬೇಡಿ” ಎಂದೆ. ಮಸೂರ ಒರೆಸುವ ಕೈ ಒಂದು ಗಳಿಗೆ ನಿಂತು ಮತ್ತೆ ಒರೆಸತೊಡಗಿತು.

ಬೀರಲಿಂಗೇಶ್ವರನ ಹುಡುಗಿಯನ್ನು ಮಧ್ಯಾಹ್ನ ಕರೆಸಿದೆ. ಮೂರನೆಯ ಬೆಂಚಿನ ಮೂಲೆಯಲ್ಲಿ ಕೂರುವವಳು. ಮೂರು ತಿಂಗಳಲ್ಲಿ ಅವಳ ದನಿ ಹಾಜರಿ ಕೂಗುವಾಗ ಬಿಟ್ಟರೆ ಕೇಳಿರಲಿಲ್ಲ. ಬಾಗಿಲ ಬಳಿಯೇ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ.

“ನಾನು ಖರೇನ ಬರದಿದ್ದೆ ರೀ ಮೇಡಂ. ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅಂತ ಬರೀರಿ ಅಂದಿದ್ರಿ.”

“ಹೌದು” ಎಂದೆ.

ಕಲಾ ವಿಭಾಗಕ್ಕೆ ಹೋದರೆ ಏನಾಗುತ್ತದೆ ಎಂದು ಕೇಳಿದೆ. ತಲೆ ತಗ್ಗಿಸಿಕೊಂಡೇ ಹೇಳಿದಳು. ಅವರ ಅಜ್ಜಿಗೆ ಸಕ್ಕರೆ ಕಾಯಿಲೆ ಇದ್ದಾಗ ಕೂಡ್ಲಿಗಿ ಆಸ್ಪತ್ರೆಗೆ ಇವಳೇ ಕರೆದುಕೊಂಡು ಹೋಗುತ್ತಿದ್ದಳಂತೆ. ಅಲ್ಲಿನ ಲ್ಯಾಬಿನಲ್ಲಿ ಒಬ್ಬ ಅಕ್ಕ ನೀಲಿ ನೀರಿಗೆ ಮೂತ್ರದ ಹನಿ ಬಿಟ್ಟು ಕಾಸಿದರೆ ಇಟ್ಟಿಗೆ ಬಣ್ಣ ಬರುತ್ತಿತ್ತಂತೆ. “ಅದು ಯಾಕ ಹಂಗ ಆಕ್ಕತಿ ಅಂತ ಕೇಳಿದೆ ರೀ. ಸೈನ್ಸ್ ಓದು, ತಿಳೀತೈತಿ ಅಂದ್ರು. ನಾನೂ ಆ ಲ್ಯಾಬಿನ ಕೋರ್ಸಿಗೆ ಹೋಗಬೇಕಂತ ಬಂದೆ. ಆರ್ಟ್ಸ್ ಆದ್ರ ಅದಕ್ಕ ತಗೊಳ್ಳಂಗಿಲ್ಲಂತ್ರಿ.”

ಪ್ರಿನ್ಸಿಪಾಲರ ಮೇಜಿನ ಮೇಲೆ ಹನ್ನೊಂದು ವರ್ಗಾವಣೆ ಫಾರಂ ಸಿದ್ಧವಾಗಿದ್ದವು. ಅವರು ಇತಿಹಾಸದವರು, ಮಾತು ಕಡಿಮೆ. ‘ವಿಷಯ ಉಪನ್ಯಾಸಕರ ಅಭಿಪ್ರಾಯ’ ಎಂಬ ಸಾಲಿನ ಮುಂದೆ ಬೆರಳಿಟ್ಟರು. “ಇಲ್ಲೊಂದು ಸಹಿ ಹಾಕ್ರಿ.” ಹಾಕುವುದಿಲ್ಲ ಎಂದೆ. ಈ ಹಾಳೆ ಸೋಲಿಸಲು ಮಾಡಿದ್ದಲ್ಲ, ಕೂಡಿಸಿದ್ದೇ ತಪ್ಪು ಎಂದು ವಿವರಿಸಿದೆ. ಅವರು ಕೇಳಿಸಿಕೊಂಡು, “ಹಂಗಾರ ಇವರು ಲಾಯಕ್ ಅದಾರ ಅಂತ ನೀವ ತೋರಸ್ರಿ. ತೋರಿಸಾಕ ಆಗದವರ ಫಾರಂಗೆ ಸಹಿ ಹಾಕ್ರಿ” ಎಂದರು.

ಸುಮ್ಮನೆ ಎದ್ದು ಬರಬಹುದಿತ್ತು. ಆದರೆ ನನ್ನ ಸಹಿ ಇಲ್ಲದೆಯೂ ಅವರು ದಾರಿ ಹುಡುಕುತ್ತಾರೆಂದು ಗೊತ್ತಿತ್ತು. ಒಪ್ಪಿಕೊಂಡೆ. ನನ್ನ ಷರತ್ತು ಎರಡು: ಪ್ರಶ್ನೆ ಕನ್ನಡದಲ್ಲಿ ಇರಬೇಕು, ಪ್ರಯೋಗ ಕಣ್ಣೆದುರಿಗೆ ಇರಬೇಕು. ಆ ಗಳಿಗೆಯಲ್ಲಿ ಗೆದ್ದೆ ಎಂದುಕೊಂಡೆ. ಮಕ್ಕಳನ್ನು ಮತ್ತೊಮ್ಮೆ ನನ್ನ ಮಾತಿನ ಮೇಲೆ ಪಣಕ್ಕಿಟ್ಟೆ ಎಂಬುದು ಆಮೇಲೆ ಹೊಳೆಯಿತು.

ಶನಿವಾರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಪ್ರಿನ್ಸಿಪಾಲರು, ಭೌತಶಾಸ್ತ್ರದ ಮೇಷ್ಟರು, ಮಕ್ಕಳ ಮನೆಯವರು ಸ್ಟೂಲುಗಳ ಮೇಲೆ ಕೂತರು. ಹುಡುಗಿಯ ಅಪ್ಪ ಹೆಗಲ ಮೇಲಿನ ಕಂಬಳಿ ಮಡಚಿ ತೊಡೆಯ ಮೇಲಿಟ್ಟುಕೊಂಡು, ಗಾಜಿನ ಸಾಮಾನಿಗೆ ಎಲ್ಲಿ ಕೈ ತಾಗುತ್ತದೋ ಎಂದು ಮುದುಡಿ ಕೂತಿದ್ದ. ಪ್ರಯೋಗಕ್ಕೆ ಬೇಕಿದ್ದ ಸುಣ್ಣದ ತಿಳಿನೀರು ಹಳೆಯದಾಗಿ ಮಬ್ಬಾಗಿತ್ತು. ಬೆಳಿಗ್ಗೆಯೇ ಹೊಸದು ಮಾಡಿ, ಎರಡು ಸಲ ಸೋಸಿ, ನೀರು ಬೆರೆಸಿ ತೆಳುವಾಗಿಸಿದ್ದೆ. ಮಕ್ಕಳಿಗೆ ಏನು ಕೇಳುತ್ತೇನೆಂದು ಮೊದಲೇ ಹೇಳಿರಲಿಲ್ಲ. ಹೇಳಿಕೊಡುವ ಆಸೆ ನಾಲ್ಕು ದಿನವೂ ನನ್ನನ್ನು ಕಾಡಿತ್ತು.

ಹುಡುಗಿಯನ್ನೇ ಮೊದಲು ಕರೆದೆ. ಅಮೃತಶಿಲೆಯ ಚೂರಿನ ಮೇಲೆ ಆಮ್ಲ ಹಾಕಿ, ಬಂದ ಅನಿಲವನ್ನು ಕೊಳವೆಯಲ್ಲಿ ಸುಣ್ಣದ ತಿಳಿಗೆ ಬಿಟ್ಟೆ. ತಿಳಿ ಹಾಲಿನಂತಾಯಿತು. ನಿಲ್ಲಿಸದೆ ಬಿಡುತ್ತಲೇ ಹೋದೆ. ಹಾಲು ಮಾಯವಾಗಿ ಮತ್ತೆ ನೀರಿನಂತಾಯಿತು. “ಏನಾಯಿತು?”

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, “ಬೆಳ್ಳಗಿಂದು ಹೋಗಿಲ್ರಿ, ಅಲ್ಲೇ ಐತಿ. ಹೆಚ್ಚಿನ ಗಾಳಿ ಸೇರಿ ಕರಗೋ ಥರ ಬ್ಯಾರೆ ಏನೋ ಆಗೈತಿ” ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಭೌತಶಾಸ್ತ್ರದ ಮೇಷ್ಟರು ಮುಂದಕ್ಕೆ ಬಗ್ಗಿ ಕೇಳಿದರು. “ಪಕ್ಕಾನಾ?”

ಅವಳ ಹಾಳೆಯನ್ನು ಅವರು ನೋಡಿದ್ದರು. ಯಾವ ಪದಕ್ಕೆ ಅವಳು ಹಿಂದೆ ಸರಿಯುತ್ತಾಳೆಂದು ತಿಳಿದೇ ಅದನ್ನು ಕೇಳಿದ್ದರು. ಮಕ್ಕಳು ನನಗೆ ನಂಬಿಕೆಯಿಂದ ತೋರಿಸಿದ ಭಯವನ್ನೇ ಅವರು ಕೋಲು ಮಾಡಿಕೊಂಡಿದ್ದರು. ಪಟ್ಟಿ ಕೊಟ್ಟದ್ದನ್ನು ಒಂದು ದಿನ ಮರೆಯುತ್ತಿದ್ದೆನೇನೋ, ಇದನ್ನು ಮರೆತಿಲ್ಲ.

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಪ್ರಿನ್ಸಿಪಾಲರು ಪೆನ್ನಿನ ಟೋಪಿ ತೆಗೆದರು. ಆಗ ಅವಳ ಅಪ್ಪ ಕೂತಲ್ಲಿಂದಲೇ, “ಹೆದರಬ್ಯಾಡವ್ವ. ನಿನಗೇನ್ ಕಾಣಸ್ತೈತಿ ಅಷ್ಟ ಹೇಳು” ಎಂದ.

“ಪಕ್ಕಾ ಅಲ್ರಿ” ಎಂದಳು. “ಆದ್ರ ಕಾಸಿ ನೋಡಿದ್ರ ಗೊತ್ತಾಕ್ಕತಿ. ಸೇರಿದ ಗಾಳಿ ಹೊರಗ ಹೋತಂದ್ರ ಮತ್ತ ಬೆಳ್ಳಗ ಆಗಬೇಕು. ಆಗಲಿಲ್ಲಂದ್ರ ನಾನು ಹೇಳಿದ್ದು ತಪ್ಪು.”

ಸ್ಪಿರಿಟ್ ದೀಪ ಹಚ್ಚಿ ಪ್ರಣಾಳವನ್ನು ಅವಳ ಕೈಗೇ ಕೊಟ್ಟೆ. ಅರ್ಧ ನಿಮಿಷ ಏನೂ ಆಗಲಿಲ್ಲ. ಒಂದು ನಿಮಿಷವಾಯಿತು. ತಿಳಿಯನ್ನು ಅತಿ ತೆಳು ಮಾಡಿಬಿಟ್ಟೆನೇನೋ ಎನಿಸಿತು. ಆಮೇಲೆ ಪ್ರಣಾಳದ ತಳದಿಂದ ಸಣ್ಣ ಗುಳ್ಳೆ ಎದ್ದವು, ಹಿಂದೆಯೇ ಮಬ್ಬು, ನೋಡನೋಡುತ್ತಾ ಬೆಳ್ಳಗಾಯಿತು. ಪ್ರಿನ್ಸಿಪಾಲರು ಪೆನ್ನಿಗೆ ಟೋಪಿ ಹಾಕಿ ಅವಳ ಫಾರಂ ಹರಿದರು. ಅಪ್ಪನಿಗೆ ಏನಾಯಿತೆಂದು ತಿಳಿಯಲಿಲ್ಲ. ಹರಿದ ಕಾಗದ ಕಂಡು ಗಾಬರಿಯಾಗಿ ನನ್ನ ಕಡೆ ನೋಡಿದ. “ಓದ್ತಾಳೆ” ಎಂದೆ.

ಅವತ್ತು ಎಂಟು ಫಾರಂ ಹರಿದವು, ಮೂರಕ್ಕೆ ನಾನು ಸಹಿ ಹಾಕಿದೆ. ಇಬ್ಬರಿಗೆ ಕಲಾ ವಿಭಾಗವೇ ಬೇಕಿತ್ತು, ನಗುತ್ತಲೇ ಹೋದರು. ಮೂರನೆಯವಳು ಉಚ್ಚಂಗಿ ಎಲ್ಲಮ್ಮನ ಹೆಸರು ಬರೆದಿದ್ದವಳು, ಅಷ್ಟು ಜನರೆದುರು ಬಾಯೇ ಬಿಡಲಿಲ್ಲ. ಮಾತು ಕೊಟ್ಟಾಗಿತ್ತು, ಸಹಿ ಹಾಕಿದೆ. ಅವಳಿಗೆ ಎಷ್ಟು ಅರ್ಥವಾಗಿತ್ತು ಎಂದು ನನಗೆ ಈಗಲೂ ಗೊತ್ತಿಲ್ಲ.

ಆ ವರ್ಷದ ಕೊನೆಗೆ ಭೌತಶಾಸ್ತ್ರದ ಮೇಷ್ಟರು ಒಮ್ಮೆ ಚಹಾ ತಂದು ನನ್ನ ಮೇಜಿನ ಮೇಲಿಟ್ಟು, “ಎಲ್ಲಾ ಸರಿ ಹೋತಲ್ಲ, ಇನ್ನೂ ಯಾಕ ಸಿಟ್ಟು?” ಎಂದರು. ಸರಿ ಹೋಗಿದೆ ಎಂದು ಅವರು ನಿಜವಾಗಿಯೂ ನಂಬಿದ್ದರು. ನಾನು ಚಹಾ ಕುಡಿಯಲಿಲ್ಲ.

ಎರಡನೆಯ ವರ್ಷದಲ್ಲಿ ರಾಸಾಯನಿಕ ಸಮತೋಲನದ ಪಾಠ ನಡೆದಿತ್ತು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ತರಗತಿಯ ಮುಂದೆ ಹಾದುಹೋಗುವಾಗ ಆ ಹುಡುಗಿಯ ದನಿ ಕೇಳಿ ನಿಂತೆ. ಪಕ್ಕದಲ್ಲಿ ಕೂತ ಗೆಳತಿಯನ್ನು ಕೇಳುತ್ತಿದ್ದಳು. “ಎರಡೂ ಕಡಿ ಸಮ ಆದ್ವು ಅಂದ್ರ ಕ್ರಿಯೆ ನಿಂತ್ಹಂಗಾತಲ್ಲೇ? ನಿಂತದ್ದು ಬಿಸಿ ಮಾಡಿದ್ರ ಮತ್ತ ಹೆಂಗ ಸರೀತೈತಿ? ನನಗ ಇದು ತಿಳೀವಲ್ದು.”

“ನಿಂತ ಹೋಗತೈತಿ. ನೋಟ್ಸಿನ್ಯಾಗ ಅಷ್ಟ ಐತಿ, ಬರಕ” ಎಂದಳು ಗೆಳತಿ, ಗಟ್ಟಿ ದನಿಯಲ್ಲಿ.

ಆ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಕ್ರಿಯೆ ನಿಲ್ಲುವುದೇ ಇಲ್ಲ, ಎರಡೂ ಕಡೆಗೆ ಒಂದೇ ವೇಗದಲ್ಲಿ ನಡೆಯುತ್ತಲೇ ಇರುತ್ತದೆ. ಎರಡು ಮಾತಿನಲ್ಲಿ ಹೇಳಬಹುದಿತ್ತು. ಖುಷಿಯಿಂದ ಒಳಗೆ ಹೋಗಿ, “ಏನು ತಿಳೀಲಿಲ್ಲ? ನನ್ನನ್ನು ಕೇಳು” ಎಂದೆ.

ಅವಳು ಪುಸ್ತಕ ಮುಚ್ಚಿ ಎದ್ದು ನಿಂತಳು. ಮುಖದಲ್ಲಿ ಸಿಟ್ಟಿರಲಿಲ್ಲ. ದೊಡ್ಡವರೆದುರು ಇರಬೇಕಾದ ವಿನಯ ಇತ್ತು, ಅಷ್ಟೆ.

“ಏನಿಲ್ರಿ ಮೇಡಂ” ಎಂದಳು. “ಎಲ್ಲಾ ತಿಳೀತ್ರಿ.”

ಆ ಹುಡುಗಿ ನನಗೆ ಹೇಳಿದ ಮೊದಲ ಸುಳ್ಳು ಅದು.